ಮೂರನೆಯ ಫೋನ್ ಯಾರದೆಂದು ಕೇಳಿದ್ದೀರಿ

ಕುಟುಂಬ ವೆಚ್ಚ ಸಮೀಕ್ಷೆಯ ವರದಿಗೆ ಸಹಿ ಹಾಕಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹಿರಿಯೂರಿನಲ್ಲಿ ರವಿಕೆ ಹೊಲಿದು ಬದುಕುವ ಸಹನಾ ಎಂಬ ಹೆಣ್ಣುಮಗಳಿಗೆ ಹೋದ ವಾರ ಒಂದು ನೋಟಿಸು ತಲುಪಿದೆ. ‘ನಿಮ್ಮ ಮನೆಯಲ್ಲಿ ದುಡಿಯುವವರು ಇಬ್ಬರೇ ಇದ್ದು, ಮೂರು ದೂರವಾಣಿ ಸಂಪರ್ಕಗಳಿಗೆ ವೆಚ್ಚ ಮಾಡುತ್ತಿರುವುದು ಕಂಡುಬಂದಿದೆ. ನಿಮ್ಮ ಪಡಿತರ ಚೀಟಿಯನ್ನು ಏಕೆ ಮರುಪರಿಶೀಲಿಸಬಾರದು ಎಂಬುದಕ್ಕೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು’ ಎಂದು ಅದರಲ್ಲಿದೆ. ಸಮಜಾಯಿಷಿಯನ್ನು ನಾನು ನೀಡುತ್ತಿದ್ದೇನೆ. ಏಕೆಂದರೆ ಮೂರು ಎಂಬ ಆ ಅಂಕಿಯನ್ನು ನಿಮಗೆ ಬರೆದುಕೊಟ್ಟವಳು ನಾನು. ನಿಮ್ಮ ಸಮೀಕ್ಷೆಗೆ ದಿನಗೂಲಿಯ ಮೇಲೆ ಮನೆಮನೆ ತಿರುಗಿದ ಗಣತಿದಾರರಲ್ಲಿ ನಾನೂ ಒಬ್ಬಳು.

ನೋಟಿಸಿನ ಕೆಳಗಿರುವ ಮೊಹರು ಬೇರೊಂದು ಕಚೇರಿಯದು, ಗೊತ್ತು. ಆದರೆ ಆ ಕಚೇರಿಗೆ ಹೆಸರು, ವಿಳಾಸ, ಅಂಕಿ ಮೂರೂ ಹೋದದ್ದು ನಿಮ್ಮ ಮೇಜಿನಿಂದ. ಪ್ರತಿ ಮನೆಯ ಹೊಸಿಲಲ್ಲಿ ನಿಂತು ನಾನು ಓದಿ ಹೇಳಬೇಕಿದ್ದ ವಾಕ್ಯವೊಂದನ್ನು ನೀವೇ ಅಚ್ಚು ಹಾಕಿಸಿ ಕೊಟ್ಟಿದ್ದಿರಿ: ‘ತಾವು ನೀಡುವ ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು.’ ನಾನೂರು ಮನೆಗಳಲ್ಲಿ ನಾನೂರು ಸಲ ಅದನ್ನು ಓದಿದೆ. ಜನ ನಂಬಿ ಒಳಗೆ ಕರೆದರು, ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಗೋಪ್ಯ ಎಂಬ ಪದಕ್ಕೆ ನಿಮ್ಮ ನಿಘಂಟಿನಲ್ಲಿ ಇನ್ನೊಂದು ಕಚೇರಿಗೆ ರವಾನಿಸುವುದು ಎಂಬ ಅರ್ಥವಿದೆಯೆಂದು ತರಬೇತಿಯ ಎರಡು ದಿನಗಳಲ್ಲಿ ಯಾರೂ ನಮಗೆ ಹೇಳಿಕೊಡಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು.

ನಿಮ್ಮ ವರದಿಯನ್ನು ಓದಿದೆ. ಬಣ್ಣದ ನಕ್ಷೆಗಳು ಕಣ್ಣಿಗೆ ಹಿತವಾಗಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕುಟುಂಬಗಳು ದೂರವಾಣಿ ಸೇವೆಗಳಿಗೆ ಮಾಡುವ ವೆಚ್ಚ ಗಮನಾರ್ಹವಾಗಿ ಏರಿದೆಯಂತೆ. ಚಿತ್ರದುರ್ಗ ನಗರದಲ್ಲಿ ಏರಿಕೆ ಅಷ್ಟಿಲ್ಲವಂತೆ. ಆದ್ದರಿಂದ ನಗರಕ್ಕೂ ಹಳ್ಳಿಗೂ ಇರುವ ಅಂತರ ಕುಗ್ಗುತ್ತಿದೆ, ಜೀವನಮಟ್ಟ ಸುಧಾರಿಸಿದೆ, ಗ್ರಾಮೀಣ ಜನರಲ್ಲಿ ಸಂವಹನದ ಅಭಿರುಚಿ ಹೆಚ್ಚಿದೆಯಂತೆ. ಅಭಿರುಚಿ ಎಂಬ ಪದವನ್ನು ಯಾರು ಹುಡುಕಿ ತಂದರೋ, ಅವರಿಗೆ ನನ್ನ ನಮಸ್ಕಾರ.

ಮಾಡದಕೆರೆಯಲ್ಲಿ ತಿಪ್ಪಮ್ಮ ಎಂಬವರ ಮನೆಯಲ್ಲಿ ಎರಡು ಕಂಪನಿಯ ಎರಡು ಸಿಮ್‌ಗಳಿದ್ದವು. ಒಂದರ ಸಿಗ್ನಲ್ ಮನೆಯೊಳಗೆ ಸಿಗುತ್ತದೆ, ಹೊಲದಲ್ಲಿ ಸಿಗುವುದಿಲ್ಲ. ಇನ್ನೊಂದರದು ಹೊಲದಲ್ಲಿ ಸಿಗುತ್ತದೆ, ಮನೆಯೊಳಗೆ ಸಿಗುವುದಿಲ್ಲ. ಗಂಡ ಹೊಲದಲ್ಲಿ, ಹೆಂಡತಿ ಮನೆಯಲ್ಲಿ. ಇದು ಅಭಿರುಚಿಯೇ? ನಗರದಲ್ಲಿರುವ ನೀವು ವರ್ಷಕ್ಕಾಗುವಷ್ಟು ರೀಚಾರ್ಜನ್ನು ಒಂದೇ ಸಲ ಅಗ್ಗಕ್ಕೆ ಹಾಕಿಸಿ ಮರೆತುಬಿಡುತ್ತೀರಿ. ಕೂಲಿಯವರು ಇಪ್ಪತ್ತೆಂಟು ದಿನಕ್ಕೊಮ್ಮೆ ದುಬಾರಿಗೆ ಹಾಕಿಸುತ್ತಾರೆ. ನಿಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು. ರೀಚಾರ್ಜ್ ಅಂಗಡಿಯ ಕ್ಯಾಲೆಂಡರಿನಲ್ಲಿ ಹದಿಮೂರು. ಆ ಹದಿಮೂರನೆಯ ತಿಂಗಳಿಗೆ ನೀವು ಅಭಿವೃದ್ಧಿ ಎಂದು ಹೆಸರಿಟ್ಟಿದ್ದೀರಿ.

ಇರಲಿ. ನೀವು ಕೇಳಿರುವುದು ಮೂರನೆಯ ಫೋನಿನ ವಿಚಾರ.

ನಾನು ಸಹನಾರ ಮನೆಗೆ ಹೋದಾಗ ಅವರು ಮಿಷನ್ನಿನ ಮುಂದೆ ಕುಳಿತು ರವಿಕೆಯ ತೋಳಿಗೆ ಪಟ್ಟಿ ಹಚ್ಚುತ್ತಿದ್ದರು. ಒಂದೇ ಕೋಣೆ, ಹಿಂದೆ ಅಡುಗೆಯ ಒಲೆ. ಗಂಡ ಹಾಲೇಶ್ ಸಾಮಾನಿನ ಆಟೋ ಓಡಿಸುತ್ತಾರೆ. ಅಕ್ಕಿ, ಎಣ್ಣೆ, ಸೋಪು ಎಲ್ಲ ಕೇಳಿ ಮುಗಿಸಿ ಫೋನಿನ ಪ್ರಶ್ನೆಗೆ ಬಂದೆ.

“ಮೂರು ಅವೆ ಮೇಡಂ,” ಎಂದರು. “ಒಂದು ಅವರ್ದು, ಒಂದು ನಂದು, ಒಂದು ಗೊಲ್ಲಪ್ಪಂದು.”

“ಗೊಲ್ಲಪ್ಪ ಅಂದರೆ ನಿಮ್ಮ ಮಾವನಾ?”

“ಅಲ್ಲ. ಅವರು ನಮಗೆ ಏನೂ ಆಗಬೇಕಿಲ್ಲ.”

ಗೂಡಿನಲ್ಲಿ ಒಂದು ಹಳೆಯ ಬಟನ್ ಫೋನ್ ಇತ್ತು. ಚಾರ್ಜಿಗೆ ಹಾಕಿದ್ದರು.

ನಾನು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ ಕಥೆ ಇದು. ನಿಮ್ಮ ನಮೂನೆಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ ಒಂದು ಗೊಲ್ಲರ ಹಟ್ಟಿಯಿದೆ. ಅಲ್ಲಿನ ಗೊಲ್ಲಪ್ಪ ಕುರಿ ಕಾಯುವವರು. ಸುಗ್ಗಿ ಮುಗಿದ ಮೇಲೆ ಮಂದೆಯನ್ನು ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಅಲೆಯುತ್ತಾರೆ. ಮನೆಗೆ ಇದ್ದದ್ದು ಒಂದೇ ಫೋನ್. ಹೋಗುವಾಗ ಅದನ್ನು ಹೆಂಡತಿ ದೊಡ್ಡಕ್ಕನ ಕೈಗೆ ಕೊಟ್ಟು, ದಾರಿಯಲ್ಲಿ ಯಾರದಾದರೂ ಫೋನ್ ಕೇಳಿ ಪಡೆದು ಮನೆಗೆ ಮಾಡುತ್ತಿದ್ದರು. ಬರುವ ಕರೆಗೆ ಹಣ ಬೇಡವೆಂಬುದು ದೊಡ್ಡಕ್ಕನಿಗೆ ಗೊತ್ತಿದ್ದ ಕಾನೂನು. ಮೊದಲು ಹಾಗೇ ಇತ್ತು ಕೂಡ. ಆ ಕಾನೂನು ಯಾವಾಗ ಬದಲಾಯಿತೆಂದು ಹಟ್ಟಿಗೆ ಬಂದು ಯಾರು ಹೇಳಿದರು? ಆಕೆ ದಿನವೂ ಪಕ್ಕದ ಮನೆಗೆ ಹೋಗಿ ಫೋನನ್ನು ಚಾರ್ಜಿಗೆ ಹಾಕುತ್ತಿದ್ದರು. ದಿನವೂ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದರು. ನಾಲ್ಕು ತಿಂಗಳು ಅದು ಸದ್ದು ಮಾಡಲಿಲ್ಲ. ಗಂಡನಿಗೆ ಪುರುಸೊತ್ತಿಲ್ಲವೇನೋ ಅಂದುಕೊಂಡರು. ಆಮೇಲೆ ಕೋಪ ಬಂತು. ಆಮೇಲೆ ಹೆದರಿಕೆಯಾಯಿತು. ರೀಚಾರ್ಜ್ ಇಲ್ಲದೆ ಆ ನಂಬರು ಸತ್ತುಹೋಗಿತ್ತು. ಕಂಪನಿ ಅದನ್ನು ತೊಳೆದು ಒರೆಸಿ ಹೊಸ ಗಿರಾಕಿಗೆ ಮಾರಿತ್ತು. ಆ ಗಿರಾಕಿಯೇ ಸಹನಾ.

ಸಹನಾಗೆ ಮೊದಲ ದಿನದಿಂದಲೇ ಕಾಟ. ಗೊಲ್ಲಪ್ಪ ಇದ್ದಾರಾ, ಗೊಲ್ಲಪ್ಪನಿಗೆ ಕೊಡಿ, ಗೊಲ್ಲಪ್ಪ ಟಗರು ಮಾರ್ತಾರಾ. ಬ್ಯಾಂಕಿನಿಂದ ಗೊಲ್ಲಪ್ಪನ ಹೆಸರಿಗೆ ಸಂದೇಶ. ರೇಷನ್ನಿನದೂ ಗೊಲ್ಲಪ್ಪನಿಗೇ. ಹಾಲೇಶ್ ರೇಗಿದರು. “ಈ ದರಿದ್ರದ ನಂಬರ್ ಬಿಸಾಕಿ ಬೇರೆ ತಗಾ ಅತ್ಲಾಗೆ,” ಎಂದರು. ಸಹನಾ ಬೇರೆ ಸಿಮ್ ತೆಗೆದುಕೊಂಡು, ಗಿರಾಕಿಗಳಿಗೆಲ್ಲ ಹೊಸ ನಂಬರು ಕೊಟ್ಟರು. ಹಳೆಯದರಲ್ಲಿ ಇನ್ನೂ ಆರೇಳು ದಿನದ ಅವಧಿ ಉಳಿದಿತ್ತು. ವ್ಯರ್ಥವಾಗುವುದೇಕೆಂದು ಬಟನ್ ಫೋನಿಗೆ ಹಾಕಿ ಗೂಡಿನಲ್ಲಿಟ್ಟರು.

ಆ ಆರೇಳು ದಿನಗಳಲ್ಲಿ ಒಂದು ಮಧ್ಯಾಹ್ನ ಅದು ಹೊಡೆದುಕೊಂಡಿತು. ಸಹನಾ ಎತ್ತಿ ಹಲೋ ಎಂದದ್ದಷ್ಟೇ.

“ನಾನು ಕಣೇ. ಇಷ್ಟ್ ದಿನ ನಿನ್ ಫೋನೇ ಹತ್ತಲಿಲ್ಲ. ಕುರಿ ಎಲ್ಲಾ ಚೆನ್ನಾಗವೆ. ನನಗೆ ಜ್ವರ ಬಂದಿತ್ತು, ಈಗ ಹುಷಾರಾಗೀನಿ. ಯುಗಾದಿಗೆ ಬರಕ್ಕಾಗಲ್ಲ, ಅದು ಕಳೆದು ಹದಿನೈದು ದಿನಕ್ಕೆ ಬತ್ತೀನಿ. ನೀನು ಉಣ್ಣದಂಗೆ ಕುಂತ್ಕಬೇಡ. ಇದು ಬೇರೇರ ಫೋನು, ಇಡ್ತೀನಿ.”

ಇಟ್ಟೂಬಿಟ್ಟರು.

ಸಹನಾ ಅದೇ ನಂಬರಿಗೆ ತಿರುಗಿ ಮಾಡಿದರು. ಯಾರೋ ರೈತ ಎತ್ತಿ, “ಅವರು ಆಗಲೇ ಕುರಿ ಹೊಡ್ಕಂಡು ಹೋದರಮ್ಮ,” ಎಂದ. ಈಗ ಯಾರೋ ಒಬ್ಬ ಗಂಡ ಯಾರೋ ಒಬ್ಬ ಹೆಂಡತಿಗೆ ಹೇಳಿದ ಮಾತು ಈ ದರ್ಜಿಯ ಬಳಿ ಉಳಿಯಿತು. ತಲುಪಿಸಲು ವಿಳಾಸವಿಲ್ಲ. “ನನಗೆ ಎರಡು ದಿನ ಹೊಲಿಗೆ ಮೇಲೆ ಧ್ಯಾನನೇ ನಿಲ್ಲಲಿಲ್ಲ ಮೇಡಂ,” ಎಂದರು ನನ್ನೊಡನೆ. “ಆ ಯಮ್ಮ ಉಣ್ಣದಂಗೆ ಕುಂತೈತೇನೋ ಅಂತ.” ಮೂರನೆಯ ದಿನ ಟಗರಿನ ವ್ಯಾಪಾರಿಯೊಬ್ಬ ಗೊಲ್ಲಪ್ಪನನ್ನು ಕೇಳಿಕೊಂಡು ಕರೆ ಮಾಡಿದ. ಸಹನಾ ಅವನನ್ನು ಬಿಡದೆ ಊರು ಯಾವುದು, ಹಟ್ಟಿ ಯಾವುದು, ಪಕ್ಕದ ಮನೆಯವರ ನಂಬರು ಏನು ಎಂದು ಎಲ್ಲ ಕೇಳಿ ಪಡೆದರು. ಕೊನೆಗೆ ದೊಡ್ಡಕ್ಕ ಫೋನಿಗೆ ಸಿಕ್ಕರು.

ಸಹನಾ ಒಂದು ಅಕ್ಷರ ಬಿಡದೆ ಒಪ್ಪಿಸಿದರಂತೆ. ಕುರಿ ಚೆನ್ನಾಗವೆ, ಜ್ವರ ಬಂದಿತ್ತು, ಹುಷಾರಾಗಿದ್ದಾರೆ, ಯುಗಾದಿ ಕಳೆದು ಹದಿನೈದು ದಿನಕ್ಕೆ ಬರುತ್ತಾರೆ.

“ಕೇಳುಸ್ತೇನಮ್ಮ?” ಎಂದು ಸಹನಾ ಕೇಳಿದರು.

“ಕೇಳುಸ್ತು ಕಣವ್ವ. ಊಟದ್ದು ಏನೋ ಅಂದ ಅಂದ್ಯಲ್ಲ, ಅದೊಂದು ಇನ್ನೊಂದು ಸಲ ಹೇಳು.”

ಆ ಸಂಜೆ ಸಹನಾ ಹಳೆಯ ನಂಬರಿಗೆ ಇಪ್ಪತ್ತೆಂಟು ದಿನದ ರೀಚಾರ್ಜ್ ಹಾಕಿಸಿದರು. ಅದೇ ನಿಮ್ಮ ನಕ್ಷೆಯಲ್ಲಿ ಹಿರಿಯೂರು ತಾಲ್ಲೂಕು ಒಂದು ಕೂದಲೆಳೆಯಷ್ಟು ಮೇಲೇರಿದ ಘಳಿಗೆ. ಗುರುತು ಹಾಕಿಕೊಳ್ಳಿ.

ನಂಬರನ್ನು ಅವರಿಗೇ ವಾಪಸು ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಸಿಮ್ ಸಹನಾರ ಹೆಸರಿನಲ್ಲಿತ್ತು, ಹಟ್ಟಿಗೆ ಕೊಟ್ಟರೂ ರೀಚಾರ್ಜ್ ಇಲ್ಲದೆ ಮತ್ತೆ ಸಾಯುತ್ತಿತ್ತು. ಬ್ಯಾಂಕು, ರೇಷನ್ನಿನ ಕಾಗದಗಳಲ್ಲಿ ನಂಬರು ಬದಲಿಸಲೆಂದು ದೊಡ್ಡಕ್ಕ ಎರಡು ಸಲ ಹೊಳಲ್ಕೆರೆಗೆ ಅಲೆದರು. ಒಂದು ಕಿಟಕಿಯಲ್ಲಿ, ಫೋನ್ ನಂಬರು ಬದಲಿಸಬೇಕಾದರೆ ಹಳೆಯ ನಂಬರಿಗೆ ಬಂದ ಒಟಿಪಿ ಹೇಳಬೇಕು ಎಂದರು. ಆಕೆ ಬೇರೆಯವರ ಫೋನಿನಿಂದ ಹಿರಿಯೂರಿಗೆ ಮಾಡಿ ಅದನ್ನು ಕೇಳಿ ಹೇಳುವಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಂದು ಕಿಟಕಿಯಲ್ಲಿ, ಖಾತೆ ಯಜಮಾನರ ಹೆಸರಿನಲ್ಲಿದೆ, ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು ಎಂದರು. ಯಜಮಾನರು ಕುರಿಯ ಹಿಂದೆ. ಅವರು ಊರಿಗೆ ಬಂದಾಗ ಹೆಬ್ಬೆಟ್ಟಿನ ಮಿಷನ್ ಕೆಟ್ಟಿತ್ತು. ಮಿಷನ್ ಸರಿಯಾದಾಗ ಅವರ ಹೆಬ್ಬೆಟ್ಟಿನ ಗೆರೆ ಹತ್ತಲಿಲ್ಲ. ಪಕ್ಕದ ಮನೆಯವರು ಒಂದು ಹೊಸ ಸಿಮ್ ತಂದುಕೊಟ್ಟರು. ಅದೂ ಎರಡು ತಿಂಗಳು ಬದುಕಿ ಬಾಯಿ ಮುಚ್ಚಿತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ನೀವು ಬಸ್‌ಸ್ಟ್ಯಾಂಡಿನ ಗೋಡೆಗೆಲ್ಲ ಬರೆಸುತ್ತೀರಿ. ಸಹನಾ ತಿಂಗಳು ತಿಂಗಳೂ ಅದನ್ನು ಹಟ್ಟಿಗೆ ಫೋನು ಮಾಡಿ ಹೇಳುತ್ತಿದ್ದರು. ಅದು ಯಾರಿಗೆ ಬರಬೇಕಿತ್ತೋ ಅವರಿಗೇ.

ಹೀಗೆ ಎರಡು ವರ್ಷ ನಡೆಯಿತು. ಈ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಗೊಲ್ಲಪ್ಪ ಎಲ್ಲೇ ಇದ್ದರೂ ಆ ಹಳೆಯ ನಂಬರಿಗೇ ಮಾಡುತ್ತಿದ್ದರು. ಅದು ಯಾವಾಗಲೂ ಹತ್ತುತ್ತದೆ ಎಂಬುದೇ ಕಾರಣ. ಶಾಲೆಯ ಮೇಷ್ಟರೊಬ್ಬರಿಂದ ಅದನ್ನು ಒಂದು ರಟ್ಟಿನ ತುಂಡಿನ ಮೇಲೆ ದಪ್ಪಗೆ ಬರೆಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ಐಮಂಗಲದ ಹತ್ತಿರ ಕುರಿಗಳನ್ನು ರಸ್ತೆ ದಾಟಿಸುವಾಗ ಬೈಕೊಂದು ಗೊಲ್ಲಪ್ಪನಿಗೆ ಗುದ್ದಿತು. ಬೈಕಿನವನು ನಿಲ್ಲಲಿಲ್ಲ. ಟೀ ಅಂಗಡಿಯವರೊಬ್ಬರು ಓಡಿಬಂದು, ಚೀಲ ತಡಕಿ, ರಟ್ಟಿನ ಮೇಲಿದ್ದ ನಂಬರಿಗೆ ಮಾಡಿದರು. ಮಿಷನ್ ತುಳಿಯುತ್ತಿದ್ದ ಸಹನಾ ಎತ್ತಿದರು.

“ನಿಮ್ಮ ಮನೆಯವರಿಗೆ ಆಕ್ಸಿಡೆಂಟ್ ಆಗೈತಮ್ಮ. ಉಸಿರೈತೆ. ಹಿರಿಯೂರು ಆಸ್ಪತ್ರೆಗೆ ಕಳುಸ್ತಾ ಇದೀವಿ, ಬೇಗ ಬರ್ರಿ.”

ನಮ್ಮ ಮನೆಯವರಲ್ಲ ಎಂದು ಹೇಳಿ ಫೋನ್ ಇಡಬಹುದಿತ್ತು. ಅದು ಸತ್ಯವೂ ಆಗಿತ್ತು. ಮಾನ್ಯರೇ, ನಿಮ್ಮ ಕಚೇರಿಗೆ ಯಾರಾದರೂ ಫೋನ್ ಮಾಡಿದರೆ ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಇಟ್ಟುಬಿಡುತ್ತೀರಲ್ಲ, ಹಾಗೆ. ಸಹನಾ, “ಬಂದೆ, ಕುರಿಗಳನ್ನ ಯಾರಾದ್ರೂ ನೋಡ್ಕಳ್ರಿ,” ಎಂದರು. ದೊಡ್ಡಕ್ಕನಿಗೆ ಸುದ್ದಿ ಮುಟ್ಟಿಸಿದರು. ಬೀಗ ಹಾಕಿ ಆಸ್ಪತ್ರೆಗೆ ನಡೆದರು. ದಾರಿಯಲ್ಲಿ ಗಂಡನಿಗೆ ಫೋನ್ ಮಾಡಿ ಐಮಂಗಲಕ್ಕೆ ಹೋಗಲು ಹೇಳಿದರು.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು: “ಪೇಷೆಂಟಿಗೆ ನೀವು ಏನಾಗಬೇಕು?”

ಸಹನಾ ಸ್ಟ್ರೆಚರಿನ ಮೇಲಿದ್ದವರ ಮುಖವನ್ನು ಮೊದಲ ಸಲ ನೋಡಿದರು.

“ಏನಾದ್ರೂ ಒಂದು ಹೇಳಮ್ಮ, ಬರ್ಕಬೇಕು.”

“ಅಣ್ಣನ ಮಗಳು ಅಂತ ಬರ್ಕಳ್ರಿ.”

ಸೊಂಟದ ಚಪ್ಪೆಯ ಮೂಳೆ ಮುರಿದಿತ್ತು, ರಕ್ತ ಬಹಳ ಹೋಗಿತ್ತು. ಕೂಡಲೇ ಚಿತ್ರದುರ್ಗಕ್ಕೆ ಸಾಗಿಸಬೇಕು, ಜೊತೆಗೆ ಮನೆಯವರು ಇರಬೇಕು ಎಂದರು ಡಾಕ್ಟರು. ದೊಡ್ಡಕ್ಕ ಆಗಿನ್ನೂ ತಾಳ್ಯದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಸಹನಾ ಸಹಿ ಹಾಕಿ ಆಂಬುಲೆನ್ಸ್ ಹತ್ತಿದರು. ದಾರಿಯುದ್ದಕ್ಕೂ ಗೊಲ್ಲಪ್ಪ ಕಣ್ಣು ಮುಚ್ಚಿಕೊಂಡೇ ಕುರಿ, ಕುರಿ ಎನ್ನುತ್ತಿದ್ದರಂತೆ.

ಕುರಿಗಳ ಬಳಿ ಹಾಲೇಶ್ ಇದ್ದರು. ಈ ನಂಬರನ್ನು ಬಿಸಾಕು ಎಂದಿದ್ದ ಅದೇ ಹಾಲೇಶ್. ಹುಟ್ಟಿದ್ದೇ ಪೇಟೆಯಲ್ಲಿ, ಕುರಿಯ ಕಿವಿ ಹಿಡಿದು ಗೊತ್ತಿಲ್ಲ. ಬಾಡಿಗೆ ಬಿಟ್ಟು ಬಂದು, ಅಲ್ಲಿದ್ದ ಬೀಳು ಹೊಲದಲ್ಲಿ ನೂರು ಕುರಿಗಳ ನಡುವೆ ನಿಂತು, ರಸ್ತೆಯ ಕಡೆ ಹೋದವನ್ನು ಟವಲ್ ಬೀಸಿ ತಿರುಗಿಸುತ್ತಿದ್ದರು. ಹೊತ್ತು ಇಳಿಯುವ ಸಮಯಕ್ಕೆ ಹತ್ತಿರದಲ್ಲೇ ಬೀಡುಬಿಟ್ಟಿದ್ದ ಇನ್ನೊಂದು ಮಂದೆಯವರು ಬಂದು ವಹಿಸಿಕೊಂಡರು. “ಒಂದೂ ತಪ್ಪಿಸ್ಕಂಡಿಲ್ಲ ಮೇಡಂ,” ಎಂದು ಹಾಲೇಶ್ ನನಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ನಿಮ್ಮ ವರದಿಯ ಬಿಡುಗಡೆಯ ಫೋಟೋದಲ್ಲಿ ನಿಮ್ಮ ಮುಖದಲ್ಲೂ ಅಷ್ಟು ಹೆಮ್ಮೆಯಿರಲಿಲ್ಲ.

ದೊಡ್ಡಕ್ಕ ಚಿತ್ರದುರ್ಗದ ಆಸ್ಪತ್ರೆ ತಲುಪಿದಾಗ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾಲ್ಕೈದು ಹೆಂಗಸರು ಕುಳಿತಿದ್ದರು. ಆಕೆ ಎಲ್ಲರ ಮುಖವನ್ನೂ ನೋಡುತ್ತ ನಿಂತರು.

“ನಮ್ಮ ಹಿರಿಯೂರವ್ವ ಯಾರ್ರೀ ಇದರಾಗೆ? ಒಂದು ಮಾತಾಡ್ರಿ, ನನಗೆ ಗೊತ್ತಾಗ್ತೈತೆ.”

“ಬಾ ದೊಡ್ಡಕ್ಕ,” ಎಂದರು ಸಹನಾ. “ಆಪರೇಷನ್ ಆಗೈತೆ. ಏನೂ ಭಯ ಇಲ್ಲ, ಕುಂತ್ಕ.”

ಗೊಲ್ಲಪ್ಪ ಬದುಕಿದರು. ಈಗ ಕೋಲೂರಿ ನಡೆಯುತ್ತಾರೆ. ಮಂದೆಯ ಹಿಂದೆ ಹೋಗಲಾಗುವುದಿಲ್ಲ. ಕುರಿಗಳನ್ನು ತಮ್ಮನ ಮಗ ಪಾಲಿಗೆ ಮೇಯಿಸುತ್ತಾನೆ. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಅರ್ಧ ಗಂಟೆಯನ್ನು ನೀವು ‘ದೂರವಾಣಿ ಸೇವೆಗಳು, ಅಗತ್ಯೇತರ’ ಎಂಬ ತಲೆಬರಹದ ಕೆಳಗೆ ಸೇರಿಸಿದ್ದೀರಿ.

ಇಷ್ಟನ್ನೂ ಕೇಳಿಸಿಕೊಂಡ ನಾನು ಮಾಡಿದ್ದೇನು? ಮತ್ತೆ ಪೆನ್ನು ಎತ್ತಿಕೊಂಡು ‘3’ ಎಂದು ಬರೆದೆ. ಮಾಸಿಕ ವೆಚ್ಚ ಬರೆದೆ. ಸಹಿ ಹಾಕಿಸಿಕೊಂಡೆ. ಎರಡು ವಾರ ಕಳೆದು ನಿಮ್ಮ ಮೇಲ್ವಿಚಾರಕರು ಫೋನ್ ಮಾಡಿ, “ಬಟ್ಟೆ ಹೊಲಿಯೋರ ಮನೇಲಿ ಮೂರು ಅಂತ ಬರ್ದಿದೀರಲ್ಲ ಮೇಡಂ, ತಪ್ಪಾಗಿದೆಯಾ?” ಎಂದು ಕೇಳಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಸರಿಯಾಗೇ ಇದೆ ಸರ್ ಎಂದೆ. ನನ್ನ ಕೆಲಸ ಚೊಕ್ಕವಾಗಿದೆಯೆಂದು ಅವರು ಮೆಚ್ಚಿಕೊಂಡರು. ನನಗೆ ಸಂತೋಷವೂ ಆಯಿತು. ಈ ಪತ್ರದಲ್ಲಿ ನಿಮ್ಮನ್ನು ಎಷ್ಟು ಹಂಗಿಸಿದ್ದೇನೋ ಅದರ ಒಂದು ಪಾಲು ನನಗೂ ಸೇರಬೇಕೆಂದು ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಆದರೆ ನಾನು ದಿನಗೂಲಿಯವಳು, ನೀವು ವರದಿ ಬರೆದವರು. ಖರ್ಚು ಏರಿತೆಂದು ಕಂಡ ಮೇಲೆ ಯಾಕೆ ಏರಿತೆಂದು ಒಂದು ಮನೆಯ ಬಾಗಿಲಲ್ಲಾದರೂ ನಿಂತು ಕೇಳಬೇಕೆನ್ನಿಸಲಿಲ್ಲವೇ? ಜ್ವರ ಏರಿದ್ದನ್ನು ನೋಡಿ ಮೈ ಬೆಚ್ಚಗಿದೆ, ಆರೋಗ್ಯ ಚೆನ್ನಾಗಿದೆ ಎನ್ನುವ ವೈದ್ಯನಿಗೂ ನಿಮಗೂ ಏನು ವ್ಯತ್ಯಾಸ? ಬಡವರು ಹೆಚ್ಚು ತೆರುತ್ತಿದ್ದರೆ ಅದಕ್ಕೆ ಬೆಲೆಯೇರಿಕೆ ಎನ್ನುತ್ತಾರೆ. ನೀವು ಅದನ್ನು ಅಭಿರುಚಿ ಎಂದಿರಿ. ಅಷ್ಟಕ್ಕೇ ನಿಲ್ಲದೆ ಅಭಿರುಚಿಯುಳ್ಳವರ ಹೆಸರುಪಟ್ಟಿ ಮಾಡಿ ಅವರ ಅಕ್ಕಿಗೆ ಕೈ ಹಾಕಿದಿರಿ. ಸುಳ್ಳು ಹೇಳಿದವರಿಗೆ ನೋಟಿಸು ಬಂದಿಲ್ಲ. ಫೋನು ಒಂದೇ ಎಂದು ಬರೆಸಿ, ಒಳಗೆ ನಾಲ್ಕು ಇಟ್ಟುಕೊಂಡಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಗೂಡು ತೋರಿಸಿ ಇದ್ದದ್ದು ಇದ್ದಂತೆ ಹೇಳಿದವರಿಗೆ ಮಾತ್ರ ಬಂದಿದೆ.

ನೋಟಿಸು ಬಂದ ವಿಷಯ ತಿಳಿದು ನಾನು ಹಿರಿಯೂರಿಗೆ ಹೋಗಿದ್ದೆ. ಸಹನಾ ನನ್ನನ್ನು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿ ಹೇಳಿರೆಂದರು. ಓದಿ ಹೇಳಿದೆ. ಆಮೇಲೆ ನನಗೆ ತೋಚಿದ ಬುದ್ಧಿವಂತಿಕೆಯನ್ನೂ ಹೇಳಿದೆ. ಗೊಲ್ಲಪ್ಪ ಈಗ ಊರು ಬಿಟ್ಟು ಹೋಗುವುದಿಲ್ಲ, ನಾವಿಬ್ಬರೂ ಸೇರಿ ಅವರ ಕಾಗದಪತ್ರದ ನಂಬರುಗಳನ್ನು ಹೇಗಾದರೂ ಬದಲಿಸಿಕೊಡೋಣ, ಅಲ್ಲಿಗೆ ಈ ಮೂರನೆಯ ಸಿಮ್‌ಗೆ ರೀಚಾರ್ಜ್ ನಿಲ್ಲಿಸಿಬಿಡಿ, ಎರಡೇ ಎಂದು ಬರೆದುಕೊಡೋಣ ಎಂದೆ.

ಅವರ ಉತ್ತರವನ್ನು ನಿಮ್ಮ ನೋಟಿಸಿಗೆ ಸಮಜಾಯಿಷಿಯೆಂದು ಕೊನೆಯಲ್ಲಿ ಲಗತ್ತಿಸಿದ್ದೇನೆ. ಅದಕ್ಕೆ ಮೊದಲು ನನ್ನ ಬೇಡಿಕೆ ಕೇಳಿ. ಸಹನಾಗೆ ಕಳಿಸಿದ ನೋಟಿಸನ್ನು ಲಿಖಿತವಾಗಿ ಹಿಂದಕ್ಕೆ ಪಡೆಯುವಂತೆ ಮಾಡಿ. ಸಮೀಕ್ಷೆಯಿಂದ ಯಾವ ಯಾವ ಕಚೇರಿಗೆ ಯಾರ ಯಾರ ಹೆಸರು ಹೋಗಿದೆಯೋ ಅಷ್ಟನ್ನೂ ವಾಪಸು ತರಿಸಿ, ತರಿಸಿದ್ದೇವೆಂದು ಊರಿಗೆಲ್ಲ ಕಾಣುವಂತೆ ಪ್ರಕಟಿಸಿ. ಅದು ಆಗುವವರೆಗೆ ಗೋಪ್ಯ ಎಂಬ ಪದವನ್ನು ಬಾಯಲ್ಲಿಟ್ಟುಕೊಂಡು ಇನ್ನೊಬ್ಬ ಗಣತಿದಾರರನ್ನು ಇನ್ನೊಬ್ಬರ ಹೊಸಿಲಿಗೆ ಕಳಿಸಬೇಡಿ. ಮುಂದಿನ ಸಮೀಕ್ಷೆಗೆ ನನ್ನನ್ನೂ ಕರೆದಿದ್ದೀರಿ. ನಾನು ಬರುವುದಿಲ್ಲ.

ಸಹನಾ ಹಲ್ಲಿನಲ್ಲಿ ದಾರ ಕಡಿದು, ರವಿಕೆಯನ್ನು ಮಡಚಿಟ್ಟು ಹೇಳಿದ್ದು ಇಷ್ಟು:

“ಕಟ್ಟೋದು ಬಿಟ್ರೆ ಆ ನಂಬರು ಸುಮ್ನಿರಲ್ಲ ಮೇಡಂ, ಇನ್ಯಾರಿಗೋ ಹೋಗ್ತೈತೆ. ಟಗರಿನೋರು, ನೆಂಟ್ರು, ಎಲ್ಲಾ ಅದಕ್ಕೇ ಮಾಡ್ತಾರೆ. ಎತ್ತೋರು ಎಂಥೋರೋ ಏನೋ. ರೇಷನ್ ಕಾರ್ಡು ಹೋದ್ರೆ ಹೋಗ್ಲಿ, ನಾನು ಬಿಡಲ್ಲ.”

ಇಂತಿ,
ಬರೆದದ್ದಕ್ಕೆ ಕೂಲಿ ಪಡೆದು, ಬರೆಯದೆ ಬಿಟ್ಟದ್ದಕ್ಕೆ ತಲೆ ತಗ್ಗಿಸಿರುವ
ಶಿವಗಂಗಾ
ಹೊಳಲ್ಕೆರೆ